ಇನ್ನೊಮ್ಮೆ ಅಳಬೇಕಂತೆ

ಎಲ್ ಅಗುಸ್ತಿನೋ ಗುಡ್ಡ, ಲಿಮಾ
ಆಗಸ್ಟ್ 14, 1963

ಪ್ರೀತಿಯ ತಂಗಿ ಫಿದೇಲಿಯಾ,

ಹುವಾಂತಾದಲ್ಲಿ ನೀನೂ ಮಕ್ಕಳೂ ಬೆಚ್ಚಗಿದ್ದೀರೆಂದು ನಂಬಿದ್ದೇನೆ. ಇಷ್ಟು ದಿನ ಬರೆಯಲಿಲ್ಲವೆಂದು ಬೇಸರಪಡಬೇಡ, ಪೆನ್ನು ಹಿಡಿಯಲು ಕೈಯೇ ಏಳುತ್ತಿರಲಿಲ್ಲ. ನಮ್ಮ ನೆಲಿದಾ ಹೋದ ಸುದ್ದಿ ಊರಿಗೆ ಬರುವ ಲಾರಿಯವನ ಬಾಯಿಂದ ನಿನಗೆ ಮುಟ್ಟಿತಂತೆ. ಕೆಮ್ಮು ಎದೆಗಿಳಿಯಿತು. ನನ್ನ ಮೂರು ವರ್ಷದ ಕೂಸು, ಎಷ್ಟೆಂದು ತಡೆದೀತು? ಈ ತುಂತುರಿಗೆ ನಮ್ಮ ಚಾಪೆಯ ಗೋಡೆಗಳು ಒಣಗುವುದೇ ಇಲ್ಲ.

ನಮ್ಮ ಗುಡ್ಡದ ಬಡತನವನ್ನು ಅಧ್ಯಯನ ಮಾಡಲು ಬಂದಿದ್ದ ವಿದೇಶಿ ಡಾಕ್ಟರ್ ಬಗ್ಗೆ ಹಿಂದೆ ಬರೆದಿದ್ದೆನಲ್ಲ? ಮದ್ದು ಕೊಡುವ ಡಾಕ್ಟರಲ್ಲ, ಜನ ಹೇಗೆ ಬದುಕುತ್ತಾರೆಂದು ಪುಸ್ತಕ ಬರೆಯುವವನು. ಒಳ್ಳೆಯವನು ಅಂದಿದ್ದೆ. ಆ ಮಾತನ್ನು ಹೊಡೆದುಹಾಕು. ನಮ್ಮ ಸೂಪು ಕುಡಿಯುವ ಮೊದಲು ಬಟ್ಟಲನ್ನು ಮೂಸುತ್ತಿದ್ದ. ಯಾರು ಯಾರ ಪಕ್ಕ ಮಲಗುತ್ತೀರಿ, ಗಂಡ ಹೊಡೆಯುತ್ತಾನಾ, ಪೀಪಾಯಿಯಲ್ಲಿ ಹುಳುವಿದ್ದರೂ ಆ ನೀರು ಕುಡಿಯುತ್ತೀರಾ ಎಂದೆಲ್ಲ ನಗುನಗುತ್ತಲೇ ಕೇಳುತ್ತಿದ್ದ. ನನ್ನ ಗಂಡ ತೆಯೊದೋಸಿಯೋಗೆ ಮಾತ್ರ ಅವನು ಬಂದರೆ ಹಬ್ಬ.

ಕೂಸಿಗೆ ಬಿಳಿ ಬಟ್ಟೆ ಉಡಿಸಿ ಮೇಜಿನ ಮೇಲೆ ಮಲಗಿಸಿದ್ದಾಗ ಡಾಕ್ಟರ್ ತನ್ನ ಧ್ವನಿ ಹಿಡಿಯುವ ಯಂತ್ರ ಹೊತ್ತು ಬಂದ. ನಾನು ನಮ್ಮ ಕೆಚುವಾ ಮಾತಲ್ಲೇ ಹಾಡಿಕೊಂಡು ಅತ್ತೆ. ಅವನು ಮೂಲೆಯಲ್ಲಿ ಕೂತಿದ್ದಾನೆಂಬ ಎಚ್ಚರವೂ ಇರಲಿಲ್ಲ. ಮಣ್ಣು ಮಾಡಿದ ಮರುದಿನ ಮತ್ತೆ ಬಂದ. ಅವನ ಕಣ್ಣಲ್ಲಿ ನೀರಿತ್ತು, ಸುಳ್ಳು ಹೇಳಲಾರೆ. ನನ್ನ ಪಕ್ಕ ಕೂತು ಮೆಲ್ಲಗೆ ಹೇಳಿದ: "ಸೆನ್ಯೋರಾ, ಮೊನ್ನೆ ಯಂತ್ರ ಕೈಕೊಟ್ಟುಬಿಡ್ತು. ಏನೂ ಉಳಿದಿಲ್ಲ. ಇನ್ನೊಂದ್ಸಲ ಅಳ್ತೀರಾ? ಅವತ್ತು ಅತ್ತ ಹಾಗೇ."

ಅವನ ಸೋಪಿನ ವಾಸನೆ ತಡೆಯದೆ ಮೂಗಿಗೆ ಶಾಲು ಒತ್ತಿಕೊಂಡೆ ಫಿದೇಲಿಯಾ.

"ಇವತ್ತು ಮನೇಲಿ ಹೆಣ ಇಲ್ಲ ಡಾಕ್ಟ್ರೇ. ಎದ್ದು ಹೋಗಿ" ಅಂದೆ.

ಅವನು ಕ್ಷಮೆ ಕೇಳಿದ, ಆದರೆ ಏಳಲಿಲ್ಲ. ಅಷ್ಟರಲ್ಲಿ ಕೆಳಗೆ ನೀರಿನ ಲಾರಿ ಬಂತು. ನಾನೇ ಡಬ್ಬ ಎತ್ತಿಕೊಂಡು ಗುಡ್ಡ ಇಳಿದುಬಿಟ್ಟೆ.

ಕಳೆದ ವಾರ ಅವನು ತನ್ನ ದೇಶಕ್ಕೆ ಹೊರಟ. ಗುಡ್ಡದವರೆಲ್ಲ ಕೈಕುಲುಕಿ ಕಳಿಸಿದರು. ನಾನು ಶಾಲಿನೊಳಗಿಂದ ಕೈ ತೆಗೆಯಲಿಲ್ಲ.

ಮಕ್ಕಳಿಗೆ ಕಂಬಳಿ ಸರಿಯಾಗಿ ಹೊದಿಸು. ಮರಿಯಮ್ಮ ತಾಯಿ ನಿಮ್ಮನ್ನೆಲ್ಲ ಕಾಯಲಿ.

ನಿನ್ನ ಅಕ್ಕ,
ಪ್ಲಾಸಿದಾ

ಮರೆತ ಮಾತು: ಇದನ್ನು ಅಮ್ಮನಿಗೆ ಓದಿ ಹೇಳಬೇಡ. ಅವತ್ತು ನೀರು ಹೊತ್ತು ಮೇಲೆ ಬಂದಾಗ ಮನೆಯೊಳಗಿಂದ ಅಳು ಕೇಳಿಸಿತು. ತೆಯೊದೋಸಿಯೋ ಯಂತ್ರದ ಮುಂದೆ ಕೂತು ಮಗಳ ಹೆಸರು ಹಿಡಿದು ಅಳುತ್ತಿದ್ದ. ಅವಳ ಮೇಲೆ ಮಣ್ಣು ಹಾಕುವಾಗಲೂ ಒದ್ದೆಯಾಗದ ಕಣ್ಣು ಅದು. ನನ್ನನ್ನು ಕಂಡು ಮುಖ ಒರೆಸಿಕೊಂಡು, "ಪಾಪ, ಅಷ್ಟು ದೂರದಿಂದ ಬಂದೋರು ಕಣೇ. ಬರಿಗೈಲಿ ಹೇಗೆ ಕಳಿಸೋದು?" ಅಂದ. ಆ ಅಳು ನಿಜವೋ ಎಂದು ಅವನನ್ನು ಕೇಳುವುದಕ್ಕೂ ನನಗೆ ಹೇಸಿಗೆ.