ಸದ್ದು ಅಡಗಿಸಿ ನೋಡಿದ್ದು

ಭಾನುವಾರ ಬೆಳಿಗ್ಗೆ

ಪುಟ್ಟಿಗೆ ಅಮ್ಮನ ಮುದ್ದು.

ನೀನು ಪ್ರೊಫೆಸರ್ ಆದೆ ಅಂತ ಓದಿದವಳೇ ಓಡಿಹೋಗಿ ಪಕ್ಕದ ಮನೆ ಟೈಲರಮ್ಮನಿಗೆ ಹೇಳಿದೆ. ಯಾವ ಪಾಠ ಅಂತ ಕೇಳಿದಳು. ಟೀವಿಯಲ್ಲಿ ಹೆಣ್ಣನ್ನು ಹೇಗೆ ತೋರಿಸುತ್ತಾರೆ, ಗಂಡನ್ನು ಹೇಗೆ ತೋರಿಸುತ್ತಾರೆ, ಯಾರು ಯಾರನ್ನು ಪ್ರೀತಿಸಬಹುದು ಅಂತ ತೋರಿಸುತ್ತಾರೆ, ಆ ಪಾಠ ಅಂದೆ. ಹಾಗಾದರೆ ಆ ಕೆಲಸ ತಾನೂ ದಿನಾ ಮಾಡುತ್ತೇನೆ, ಸಂಬಳ ಮಾತ್ರ ಯಾರೂ ಕೊಟ್ಟಿಲ್ಲ ಅಂತ ಬಿದ್ದು ಬಿದ್ದು ನಕ್ಕಳು.

ಹೋದ ಸಲ ನೀವಿಬ್ಬರೂ ಬಂದಾಗ ನಿನ್ನ ಕೆಲಸ ಹೇಗಂತ ತೋರಿಸಿದೆಯಲ್ಲ. ನನ್ನ ಕೈಯಿಂದ ರಿಮೋಟ್ ಕಿತ್ತುಕೊಂಡು ಸದ್ದು ಪೂರ್ತಿ ಅಡಗಿಸಿದೆ. ಮಾತು ನಂಬಬೇಡ, ಯಾರು ಯಾರ ಪಕ್ಕ ನಿಲ್ಲುತ್ತಾರೆ, ಯಾರ ಕೈ ಎಲ್ಲಿದೆ ನೋಡು ಅಂದೆ. ಅವತ್ತಿಗೆ ನನ್ನ ಧಾರಾವಾಹಿ ಕೆಟ್ಟಿತು. ಈಗ ಅತ್ತೆ ಗೋಳೋ ಅಂತ ಅಳುತ್ತಿದ್ದರೆ ನಾನು ಸೊಸೆಯ ಬೆರಳು ನೋಡುತ್ತಾ ಕೂರುತ್ತೇನೆ.

ಚಟ ಅಂಟಿದ ಮೇಲೆ ಟೀವಿಗಷ್ಟೇ ನಿಲ್ಲುತ್ತದೆಯೇ? ಅವತ್ತು ಊಟಕ್ಕೆ ಕೂತಾಗ ನಿಮ್ಮನ್ನೂ ಹಾಗೇ ನೋಡಿದೆ. ಜೊತೆಗೆ ಬಂದಿದ್ದ ಆ ಹಲ್ಲಿನ ಡಾಕ್ಟರನ್ನು ನೀನು ಬಾಡಿಗೆ ಹಂಚಿಕೊಳ್ಳುವ ಗೆಳತಿ ಅಂತ ಪರಿಚಯಿಸಿದ್ದೆ. ಆದರೆ ನೀನು ಕೇಳುವ ಮೊದಲೇ ಅವಳು ಉಪ್ಪು ಸರಿಸಿದಳು. ನಿನಗೆ ನೆತ್ತಿಗೇರಿ ಕೆಮ್ಮು ಬಂದಾಗ ನನ್ನ ಕೈ ತಲುಪುವಷ್ಟರಲ್ಲಿ ಅವಳ ಕೈ ನಿನ್ನ ಬೆನ್ನ ಮೇಲಿತ್ತು. ಸುಳ್ಳೇಕೆ ಹೇಳಲಿ, ಚೂರು ಹೊಟ್ಟೆಕಿಚ್ಚಾಯಿತು. ನೀರು ತರುವ ನೆಪದಲ್ಲಿ ಎದ್ದುಹೋಗಿ ಅಡುಗೆಮನೆಯಲ್ಲಿ ಸ್ವಲ್ಪ ಹೊತ್ತು ನಿಂತೆ. ನಾನಿಲ್ಲದ ಕಡೆಯೂ ಮಗಳ ಬೆನ್ನು ಸವರುವವರು ಇದ್ದಾರಲ್ಲ ಅಂತ ಆಮೇಲೆ ಮನಸ್ಸು ತಣ್ಣಗಾಯಿತು.

ಈಗ ರಜೆಗೆ ಒಬ್ಬಳೇ ಬರುತ್ತೇನೆ, ಅವಳಿಗೆ ಕ್ಲಿನಿಕ್ಕಿನಿಂದ ಬಿಡುವಿಲ್ಲ ಅಂತ ಬರೆದಿದ್ದೀಯ. ಊರವರ ಹಲ್ಲೆಲ್ಲ ನಿನ್ನ ರಜೆ ನೋಡಿಕೊಂಡೇ ನೋಯುತ್ತವೆಯೇ? ನಿನಗೆ ನನ್ನ ಭಯ, ಗೊತ್ತು. ತರಗತಿ ತುಂಬ ಜನರ ಮುಂದೆ ಈ ವಿಷಯ ಧೈರ್ಯವಾಗಿ ಮಾತಾಡುವವಳು ಹೆತ್ತವಳ ಮುಂದೆ ಬಾಯಿ ಬಿಡಲು ಹೆದರಿದರೆ ನನಗೆ ಸಂಕಟವಾಗುತ್ತದೆ ಕಣೇ. ನೀನೇನೂ ವಿವರಿಸಬೇಡ. ಅವಳನ್ನು ಕರೆದುಕೊಂಡು ಬಾ, ಅಷ್ಟೇ.

ನಿನ್ನ
ಅಮ್ಮ

ಮರೆತಿದ್ದೆ: ಹಿಂದಿನ ಕೋಣೆಯ ಒಂಟಿ ಮಂಚಗಳನ್ನು ಟೈಲರಮ್ಮನಿಗೆ ಕೊಟ್ಟುಬಿಟ್ಟೆ. ಬಡಗಿ ಬಂದು ಅಗಲದ ಮಂಚ ಜೋಡಿಸಿಕೊಟ್ಟ. ಒಬ್ಬರೇ ಇರುವ ಮನೆಗೆ ಇಷ್ಟು ದೊಡ್ಡದು ಯಾಕಮ್ಮ ಅಂತ ಕೇಳಿದ. ಮಗಳು, ಅವಳ ಸಂಗಾತಿ ಬರುತ್ತಾರೆ ಅಂದೆ. ಟೈಲರಮ್ಮನಿಗೂ ಕೇಳಲಿ ಅಂತ ಜೋರಾಗಿಯೇ ಅಂದೆ.