ಚೂರು ಮುರಿಯದ ಕ್ಯಾಸೆಟ್

ಜೂನ್ 3, ಸೋಮವಾರ

ಟೇಪ್ ಡೆಕ್ಕಿನ ಹೆಡ್ ಒರೆಸಿದ್ದು ಇದು ಮೂರನೇ ಸಲ. ಹತ್ತಿಗೆ ಇನ್ನೂ ಕಂದು ಹತ್ತುತ್ತಿದೆ. ಸ್ಪಿರಿಟ್ ಮುಗಿಯಿತು.

ತಿಂಗಳ ಕೊನೆಗೆ ಅಂಗಡಿ ಖಾಲಿ ಮಾಡಬೇಕು. ಕಟ್ಟಡ ಕೆಡವುತ್ತಾರಂತೆ. ಅಪ್ಪ ಹೋಗಿ ಎಂಟು ತಿಂಗಳು — 'ಮಾಳಿಂಗಪ್ಪ ರೆಕಾರ್ಡಿಂಗ್, ಮಾನ್ವಿ' ಬೋರ್ಡು ಇನ್ನೂ ಇಳಿಸಿಲ್ಲ. ಮನೆ ಒಂದೇ ಕೋಣೆ. ಡೆಕ್, ಆಂಪ್ಲಿಫೈಯರ್, ಆಳೆತ್ತರದ ಎರಡು ಸ್ಪೀಕರ್ ತಂದಿಟ್ಟರೆ ಅವ್ವನೂ ನಾನೂ ಹೊರಗೆ ಮಲಗಬೇಕು. ಮಾರಲೇಬೇಕು. ಎಷ್ಟಕ್ಕೆ? ಗೊತ್ತಿಲ್ಲ. ಗೊತ್ತಿಲ್ಲದೆ ಬೆಲೆ ಹೇಳಿದರೆ ಅದೂ ಸುಳ್ಳೇ.

ಅವ್ವ ಕೇಳಿದ್ದು ಒಂದೇ.

"ಎಲ್ಲಾ ಮಾರು ಸಿದ್ದಾ. ನಿಮ್ಮಪ್ಪನ ದನಿ ಇರೋದೊಂದು ಕ್ಯಾಸೆಟ್ ಹುಡುಕಿ ಕೊಡು. ಫೋಟೋ ಮಾತಾಡಂಗಿಲ್ಲ."

ಜೂನ್ 5, ಬುಧವಾರ. ಬಸ್ಸಿನಲ್ಲಿ

ದೇವದುರ್ಗದಿಂದ ವಾಪಸ್. ಪೀರಾ ಸಾಬರನ್ನು ಕಂಡು ಬಂದೆ. ಅಪ್ಪನಿಗೆ ರೇಡಿಯೋ ಬಿಚ್ಚುವುದು ಕಲಿಸಿದವರು.

"ಏನಲೇ ಸಾಲಿ ಬಿಟ್ಟಾಂವ, ಇನ್ನೂ ಒಂದ್ ಕಡಿ ಕುಂದ್ರಂಗಿಲ್ಲೇನು?"

"ಕುಂತೀನಲ್ರೀ ಚಾಚಾ, ಇಲ್ಲೇ."

ಮೊಬೈಲಿನಲ್ಲಿ ಸಾಮಾನಿನ ಫೋಟೋ ತೋರಿಸಿದೆ. ಕನ್ನಡಕ ಹಣೆಗೇರಿಸಿ, ಕಣ್ಣ ಹತ್ತಿರ ಹಿಡಿದು ನೋಡಿದರು.

"ಜಪಾನ್ ಡೆಕ್ ಇದು. ಬರೇ ಹಾಡಿದ್ರ ಎಂಟು ಸಾವಿರ. ರೆಕಾರ್ಡೂ ಆತಂದ್ರ ಹದಿನೆಂಟು. ಆಂಪ್ಲಿಫೈಯರ್ ಹನ್ನೆರಡು. ಸ್ಪೀಕರ್ ಜೋಡಿ ಯಾರೂ ಬಿಚ್ಚಿಲ್ಲಂದ್ರ ಹದಿನೈದು."

"ಎಡಗಡೀದು ಅಪ್ಪ ಬಿಚ್ಯಾನ್ರೀ. ಕೋನ್ ಹರಿದಿತ್ತು, ಒಳಗ ಪೇಪರ್ ಅಂಟಿಸ್ಯಾನ."

"ಹೊರಗಿಂದ ಕಾಣತದೇನು?"

"ಇಲ್ರೀ."

"ಮತ್ಯಾಕ ಹೇಳ್ತಿ?"

ಕೇಳಿದವರೇ ನಕ್ಕರು.

"ಹನ್ನೊಂದು ಹಿಡಿ ಹಂಗಾರ. ಅಂವಾ ಹೀಂಗೇ ಇದ್ದ, ಬಡ್ಡಿಮಗ."



ಜೂನ್ 8, ಶನಿವಾರ

ಉಳಿಸಬೇಕಾದ ಕ್ಯಾಸೆಟ್ಟಿನ ಹಿಂಬದಿಯ ಸಣ್ಣ ಪ್ಲಾಸ್ಟಿಕ್ ಚೂರನ್ನು ಅಪ್ಪ ಉಗುರಿನಿಂದ ಮುರಿದುಬಿಡುತ್ತಿದ್ದ. ಮುರಿದರೆ ಡೆಕ್ಕಿನ ರೆಕಾರ್ಡ್ ಗುಂಡಿ ಕೆಳಗಿಳಿಯುವುದಿಲ್ಲ. ಚೂರು ಇದ್ದರೆ ಅಳಿಸಬಹುದಾದ ಮಾಲು. ಕೂಸಿದ್ದಾಗಿನಿಂದ ನನಗೆ ಗೊತ್ತಿರುವ ಪಾಠ ಇದೊಂದೇ.

ಹಾಗಾಗಿ ಚೂರು ಮುರಿದವನ್ನೇ ಆರಿಸಿದೆ. ಅರವತ್ತೆರಡು. ಮುಂದೆ ಓಡಿಸಿ ಓಡಿಸಿ ಮೂರು ದಿನ ಕೇಳಿದೆ. ಮಲ್ಲಟದ ಡೊಳ್ಳಿನ ಪದ. ಮೊಹರಂ ರಿವಾಯತ್ ಹಾಡು. ಯಾರದೋ ಮದುವೆ. ಯಾರದೋ ಅಜ್ಜಿ ಕೆಮ್ಮುತ್ತ ಹಾಡಿದ ಜೋಗುಳ... ಊರಿನವರೆಲ್ಲ ಇದ್ದಾರೆ. ಅಪ್ಪ ಇಲ್ಲ.

ಜೂನ್ 11, ಮಂಗಳವಾರ, ಮಧ್ಯಾಹ್ನ 3

ರಾಯಚೂರಿನ ಮುಕರ್ರಂ ಭಾಯ್ ಫೋನು. ಹಳೇ ರೇಡಿಯೋ, ಟೇಪು ಕೊಳ್ಳುವವರು.

"ರೆಕಾರ್ಡ್ ಆಗತದಂತ ನೀ ಅಂದ್ರ ಹೆಂಗ ನಂಬಬೇಕು ತಮ್ಮಾ?"

"ನಂಬಬ್ಯಾಡ್ರೀ. ಕೇಳ್ರಿ."

ಅಪ್ಪ ಗಿರಾಕಿಗಳಿಗೆ ಹೇಳುತ್ತಿದ್ದ ಮಾತೇ ಬಾಯಿಗೆ ಬಂತು. ಹೆಸರು ಬರೆಯದ ಒಂದು ಕ್ಯಾಸೆಟ್ ಎತ್ತಿಕೊಂಡೆ. ಚೂರು ಇತ್ತು. ಹಾಕಿದೆ. ಮೈಕಿನಲ್ಲಿ ಏನು ಹೇಳುವುದು? ಮಾರುವ ಸಾಮಾನಿನ ಪಟ್ಟಿಯನ್ನೇ ಓದಿದೆ — "ಡೆಕ್, ಹದಿನೆಂಟು ಸಾವಿರ. ಆಂಪ್ಲಿಫೈಯರ್, ಹನ್ನೆರಡು. ಸ್ಪೀಕರ್, ಎಡಗಡೆಯದು ಅಪ್ಪ ಅಂಟಿಸಿದ್ದು, ಎರಡೂ ಸೇರಿ ಹನ್ನೊಂದು..." ಯಾವ ಗುಂಡಿ ಬಿಗಿ, ಯಾವ ದೀಪ ಹತ್ತುವುದಿಲ್ಲ, ಎಲ್ಲ. ಎರಡು ನಿಮಿಷ. ಹಿಂದಕ್ಕೆ ಓಡಿಸಿ ಫೋನಿಗೆ ಕೇಳಿಸಿದೆ.

"ಖರೇ ಅದ ಬಿಡು. ಶನಿವಾರ ಟೆಂಪೋ ತರ್ತೀನಿ. ಮಾತು ಆತು?"

"ಆತ್ರೀ."

ಫೋನ್ ಇಟ್ಟೆ. ಟೇಪು ಓಡುತ್ತಲೇ ಇತ್ತು.

ಸಂಜೆ 5

ನನ್ನ ದನಿ ಮುಗಿಯಿತು. ಟಕ್ ಅಂತ ಸದ್ದು. ಆಮೇಲೆ ಅಪ್ಪ —

"...ಹಾಂ, ಈಗ? ಜಂಬೀ, ಕೇಳಸ್ತದೇನು?"

ಅವ್ವನನ್ನು ಅಪ್ಪ ಕರೆಯುತ್ತಿದ್ದುದೇ ಜಂಬೀ ಅಂತ. ಆಮೇಲೆ ಬರೀ ಸುಯ್. ಎರಡೂ ಬದಿ ಕೊನೆವರೆಗೆ ಕೇಳಿದೆ. ಬರೀ ಸುಯ್.

ಮೊದಲಿನ ಎರಡು ನಿಮಿಷ ಅಪ್ಪ ಏನು ಮಾತಾಡಿದ್ದ? ಅಲ್ಲೀಗ ನಾನಿದ್ದೇನೆ. ಅವನ ಸಾಮಾನಿಗೆ ಬೆಲೆ ಕೂಗುತ್ತಿದ್ದೇನೆ.

ಮಂದಿಯ ದನಿಗೆಲ್ಲ ಚೂರು ಮುರಿದವನು ತನ್ನದಕ್ಕೆ ಮುರಿದಿರಲಿಲ್ಲ.

ಜೂನ್ 14, ಶುಕ್ರವಾರ

ಎರಡು ದಿನ ಅವ್ವ ಕೇಳಿದಳು, "ಸಿಕ್ಕಿತೇನು?" ಎರಡು ದಿನ ಹೇಳಿದೆ, "ಹುಡುಕಾಕತ್ತೀನಿ." ಇದು ಬರೆದಿಡಬೇಕು. ಸುಳ್ಳು ಹೇಳಿದೆ.

ಇವತ್ತು ಬೆಳಿಗ್ಗೆ ಅಕ್ಕಿ ಆರಿಸುತ್ತ ಕೂತಿದ್ದಳು. ನಿಂತೇ ಹೇಳಿದೆ.

"ಯವ್ವಾ, ಸಿಕ್ಕಿತ್ತು. ನೋಡದನ ಅಳಿಸೀನಿ. ನಾನೇ."

ಮೊರದ ಮೇಲೆ ಕೈ ನಿಂತಿತು. ಬೈಯಲಿ ಅಂತ ಕಾದೆ. ಬೈಯಲಿಲ್ಲ. ಒಂದು ಕಲ್ಲು ಆರಿಸಿ ಹೊರಗೆ ಎಸೆದಳು.

"ಎಷ್ಟು ಉಳದದ?"

"ಒಂದು ಮಾತು. ಏನಂದ್ರ —"

"ನೀ ಹೇಳಬ್ಯಾಡ. ಅಂವಾ ಹೇಳ್ಲಿ."

ಜೂನ್ 15, ಶನಿವಾರ, ಬೆಳಿಗ್ಗೆ 11

ಸ್ಪೀಕರ್, ಆಂಪ್ಲಿಫೈಯರ್ ಟೆಂಪೋ ಏರಿವೆ. ಡೆಕ್ ಒಂದೇ ಉಳಿದಿದೆ. ವಿಷಯ ತಿಳಿದು ಮುಕರ್ರಂ ಭಾಯ್ ಅಂದರು, "ಬೇಕಾದ್ರ ಇದೊಂದು ಇಟ್ಗೋರಿ ಜಂಬಮ್ಮಾ."

"ಹುಡುಗ ಮಾತು ಕೊಟ್ಟಾನ್ರೀ. ಒಯ್ರಿ. ಒಂದ್ ಅರಗಳಿಗಿ ತಡೀರಿ, ಅಷ್ಟೇ."

ಮೊಬೈಲಿಗೆ ಇಳಿಸಿಕೊಂಡಿದ್ದೇನೆ. ಆದರೂ ಅವಳಿಗೆ ಡೆಕ್ಕಿನಿಂದಲೇ ಕೇಳಬೇಕು. ಸ್ಪೀಕರ್ ಇಲ್ಲ. ಅಪ್ಪನ ಹೆಡ್‌ಫೋನ್ ಹಾಕಿದೆ. ಸೆರಗಿನ ಮೇಲೇ ಕೂತಿತು.

"ಮುಂದ ಓಡಸಬ್ಯಾಡ. ಮೊದಲಿಂದ ಹಚ್ಚು."

ಹಚ್ಚಿದ್ದೇನೆ. ಅವಳ ಕಿವಿಯಲ್ಲೀಗ ನಾನು — ಡೆಕ್, ಹದಿನೆಂಟು ಸಾವಿರ. ನನಗೇನೂ ಕೇಳುವುದಿಲ್ಲ. ಅವಳ ಮುಖ ನೋಡಲಾಗದೆ ಇದನ್ನು ಬರೆಯುತ್ತಿದ್ದೇನೆ. ಡೆಕ್ಕಿನ ಕೌಂಟರ್ ತಿರುಗುತ್ತಿದೆ. 040. ಹೊರಗೆ ಟೆಂಪೋದವನ ಹಾರ್ನ್. 055. ಅವ್ವ ಕಣ್ಣು ಮುಚ್ಚಿದಳು. 061. ಈಗ —

ಹೆಡ್‌ಫೋನ್ ಹಾಕಿಕೊಂಡವರಿಗೆ ತಮ್ಮ ದನಿ ಎಷ್ಟು ದೊಡ್ಡದೆಂದು ತಿಳಿಯುವುದಿಲ್ಲ. ಬೀದಿಗೆಲ್ಲ ಕೇಳುವಂತೆ ಕೂಗಿದಳು,

"ಹೂಂ! ಕೇಳಸ್ತದ! ಕೇಳಸ್ತದ!"