ಉಳಿದದ್ದು ಎಲ್ಲಿ?

ಕಾಮೆರಿನೊ, ಇಟಲಿ
೨೮ ಜೂನ್ ೧೯೮೪, ಗುರುವಾರ

ಪ್ರೀತಿಯ ಅತ್ತೆಯವರಿಗೆ ಎವಾಂಥಿಯಾ ಮಾಡುವ ನಮಸ್ಕಾರಗಳು.

ನಿಮ್ಮ ಮಂಡಿನೋವು ಹೇಗಿದೆ? ಗುಡ್ಡದ ಮೇಲಿನ ಚರ್ಚಿಗೆ ನಡೆದು ಹೋಗುವುದನ್ನು ಬಿಟ್ಟಿದ್ದೀರಿ ತಾನೇ? ಬಿಟ್ಟಿರುವುದಿಲ್ಲ, ಗೊತ್ತು. ಸಂತ ಎಲಿಯಾಸನ ಹಬ್ಬ ಹತ್ತಿರ ಬಂತೆಂದರೆ ನಿಮ್ಮನ್ನು ಕಟ್ಟಿಹಾಕಿದರೂ ಹಗ್ಗ ಬಿಚ್ಚಿಕೊಂಡು ಹೋಗುವವರು ನೀವು. ಆ ತುಂಟ ಮೇಕೆ ಇನ್ನೂ ಬೇಲಿ ಹಾರುತ್ತಿದೆಯೇ? ಮಾವನವರ ರಕ್ತದೊತ್ತಡ ಇಳಿಯಿತೇ? ಉಪ್ಪು ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದ್ದು ಅಡುಗೆಗೆ ಮಾತ್ರವಲ್ಲ, ಚೀಸಿಗೂ ಅನ್ವಯಿಸುತ್ತದೆ ಎಂದು ಅವರಿಗೆ ತಿಳಿಸಿ. ಪತ್ರವನ್ನು ಈ ಸಲ ನಿಮ್ಮ ತಂಗಿಯ ಮನೆಯ ವಿಳಾಸಕ್ಕೆ ಹಾಕಿದ್ದೇನೆ, ಗಾಬರಿಯಾಗಬೇಡಿ. ನಿಮ್ಮ ಮನೆಗೆ ಹಾಕಿದರೆ ಮೊದಲು ಮಾವನವರ ಕೈಗೆ ಹೋಗುತ್ತದೆ. ಅವರು ಕೆಂಪು ಪೆನ್ಸಿಲ್ಲಿನಿಂದ ನನ್ನ ತಪ್ಪುಗಳನ್ನೆಲ್ಲ ತಿದ್ದಿ ಮರುಟಪಾಲಿನಲ್ಲಿ ನನಗೇ ಕಳಿಸುತ್ತಾರೆ. ಕಳೆದ ಈಸ್ಟರಿಗೆ ನಾನು ಬರೆದ ಶುಭಾಶಯ ಹತ್ತಕ್ಕೆ ಆರು ಅಂಕ ಪಡೆದು ವಾಪಸು ಬಂದದ್ದು ನಿಮಗೆ ಗೊತ್ತಿತ್ತೇ? ಶಾಲೆಯಿಂದ ನಿವೃತ್ತರಾಗಿ ಎಷ್ಟು ಕಾಲವಾದರೇನು, ಮೇಷ್ಟ್ರು ಮೇಷ್ಟ್ರೇ. ಈ ಪತ್ರ ಮಾತ್ರ ಅವರ ಕಣ್ಣಿಗೆ ಬೀಳಬಾರದು. ಇದನ್ನು ನಿಮ್ಮ ತಂಗಿ ಓದಿ ಹೇಳಲಿ, ನೀವು ಕೇಳಿ, ಆಮೇಲೆ ಒಲೆಗೆ ಹಾಕಿ.

ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಹಾಗೆ ಬರೆಯುವುದು ವಾಡಿಕೆ. ಆದರೆ ಅತ್ತೆ, ಸುಸ್ತಾಗಿದ್ದೇನೆ. ಬೆಳಗಿನಿಂದ ವಿದ್ಯಾರ್ಥಿನಿಲಯದ ಹಾಸಿಗೆ ಚಾದರಗಳಿಗೆ ಇಸ್ತ್ರಿ ಹಾಕಿ ಬಂದರೆ ರಟ್ಟೆ ನನ್ನದೋ ಯಾರದೋ ಎನ್ನುವಂತಾಗುತ್ತದೆ. ಅದನ್ನು ನಾನು ಲೆಕ್ಕಕ್ಕೆ ಇಡುವುದಿಲ್ಲ, ದುಡಿಮೆಗೆ ನಾನು ಯಾವತ್ತೂ ಅಂಜಿದವಳಲ್ಲ. ನನ್ನನ್ನು ದಣಿಸಿದ್ದು ಕಾಯುವುದು. ಈ ದೇಶಕ್ಕೆ ನಿಮ್ಮ ಮಗನ ಹಿಂದೆ ಬಂದಾಗ ನಾನು ಹೊಸ ಮದುವಣಗಿತ್ತಿ. ನಾಲ್ಕು ವರ್ಷ ಓದು, ಆಮೇಲೆ ನಮ್ಮೂರು ಕೋನಿತ್ಸಾದಲ್ಲಿ ನಮ್ಮದೇ ಔಷಧದಂಗಡಿ, ಕೆಳಗೆ ಅಂಗಡಿ, ಮೇಲೆ ಮನೆ, ಎಂದು ನೀವೇ ನನ್ನ ಕೈಹಿಡಿದು ಹೇಳಿದ್ದಿರಿ. ಮಾವನವರು ಆಗಲೇ ಬಡಗಿಯನ್ನು ಕರೆಸಿ ಕಪಾಟು ಮಾಡಿಸಿದ್ದರು. ಆ ಖಾಲಿ ಕಪಾಟಿನ ಧೂಳನ್ನು ನೀವು ಇಂದಿಗೂ ಶನಿವಾರ ಶನಿವಾರ ಒರೆಸುತ್ತೀರಂತೆ, ನಿಮ್ಮ ತಂಗಿ ಬರೆದಿದ್ದರು. ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಪೆರುಜಿಯಾದಲ್ಲಿ ಮೊದಲು ಭಾಷೆ ಕಲಿತೆವು, ಹತ್ತಿ ಇಳಿದು ಹತ್ತಿ ಇಳಿದು ಮೊಣಕಾಲು ಸವೆಸಿಕೊಂಡೆವು, ಆ ಊರಿಗೆ ಬೀದಿಗಳೇ ಇಲ್ಲ, ಇರುವುದೆಲ್ಲ ಮೆಟ್ಟಿಲು. ಅಲ್ಲಿಯ ಪ್ರೊಫೆಸರು ಗ್ರೀಕರನ್ನು ಕಂಡರೆ ಉರಿಯುತ್ತಾನೆ ಎಂದು ನಿಮ್ಮ ಮಗರಾಯ ಫೆರಾರಾಕ್ಕೆ ಹೊರಡಿಸಿದ. ಅಲ್ಲಿ ನಾನು ಸೇಬು ತುಂಬುವ ಶೆಡ್ಡಿನಲ್ಲಿ ಕೆಲಸ ಮಾಡಿದೆ. ಚಳಿಗಾಲ ಪೂರ್ತಿ ಮಂಜು, ಎದುರಿಗೆ ಬರುವ ಸೈಕಲ್ಲು ಮೈಮೇಲೆ ಬಿದ್ದಮೇಲೇ ಗೊತ್ತಾಗುವುದು. ಅಲ್ಲಿಯ ಪ್ರೊಫೆಸರು ಕಿವುಡನಂತೆ, ಸರಿಯುತ್ತರ ಹೇಳಿದರೂ ಕೇಳಿಸುವುದಿಲ್ಲವಂತೆ. ಕುಣಿಯಲಾರದವಳಿಗೆ ನೆಲ ಡೊಂಕು ಎಂದು ನಾನು ಅಂದುಕೊಂಡೆ, ಬಾಯಿಬಿಟ್ಟು ಹೇಳಲಿಲ್ಲ. ಮತ್ತೆ ಅದೇ ಹಗ್ಗ ಕಟ್ಟಿದ ಪೆಟ್ಟಿಗೆ, ಅದೇ ಪ್ಯಾಸೆಂಜರ್ ರೈಲು, ಈ ಕಾಮೆರಿನೊ. ಬೆಟ್ಟದ ನೆತ್ತಿಯ ಊರು, ಗಾಳಿಗೆ ಒಣಹಾಕಿದ ಬಟ್ಟೆ ಪಕ್ಕದ ಊರಿಗೆ ಹಾರುತ್ತದೆ. ಇಲ್ಲಿಯ ಪ್ರೊಫೆಸರ್ ತಾರ್ಕ್ವೀನಿ ಒಳ್ಳೆಯ ಮನುಷ್ಯ, ಕಿವಿಯೂ ಚುರುಕು. ಹಾಗಾಗಿ ಓಡಲು ನೆಪವೇ ಉಳಿಯಲಿಲ್ಲ.

ನಿಮ್ಮ ಮಗ ದಡ್ಡನಲ್ಲ ಅತ್ತೆ. ದಡ್ಡನಾಗಿದ್ದರೆ ಎಂದೋ ಪಾಸಾಗಿ ಊರು ಸೇರಿರುತ್ತಿದ್ದೆವು. ಇಲ್ಲಿ ಪರೀಕ್ಷೆ ಎಂದರೆ ಬರೆಯುವುದಲ್ಲ, ಮೇಜಿನ ಎದುರು ಕೂತು ಬಾಯಲ್ಲಿ ಹೇಳುವುದು. ಬಾಗಿಲು ತೆರೆದೇ ಇರುತ್ತದೆ, ಬೀದಿಯಲ್ಲಿ ಹೋಗುವವರೂ ಬಂದು ಹಿಂದಿನ ಬೆಂಚಿನಲ್ಲಿ ಕೂತು ಕೇಳಬಹುದು. ಕೊನೆಗೆ ಪ್ರೊಫೆಸರು ಮೂವತ್ತಕ್ಕೆ ಇಷ್ಟು ಎನ್ನುತ್ತಾರೆ. ಹದಿನೆಂಟಾದರೆ ಪಾಸು. ಆದರೆ ಇವರದೊಂದು ಪದ್ಧತಿ ಇದೆ, ಅದೇ ನಮ್ಮ ಮನೆ ಹಾಳು ಮಾಡಿದ್ದು. ಕೊಟ್ಟ ಅಂಕ ಹಿಡಿಸದಿದ್ದರೆ ಬೇಡ ಎನ್ನಬಹುದು. ಅವರು ಅದನ್ನು ಎಲ್ಲೂ ಬರೆಯದೆ ಬಿಡುತ್ತಾರೆ, ಮತ್ತೆ ಓದಿಕೊಂಡು ಮುಂದಿನ ಸಲ ಬಾ ಎನ್ನುತ್ತಾರೆ. ಇಪ್ಪತ್ತನಾಲ್ಕು ಕೊಟ್ಟರೆ ನಿಮ್ಮ ಮಗ ಬೇಡವೆಂದ. ಇಪ್ಪತ್ತಾರು ಕೊಟ್ಟರೂ ಬೇಡವೆಂದ. ಉಳಿದ ವಿಷಯಗಳೆಲ್ಲ ಹೇಗೋ ಒಂದೊಂದಾಗಿ ಮುಗಿದವು, ಮೊದಲ ವರ್ಷದ ಔಷಧಸಸ್ಯಗಳ ಪರೀಕ್ಷೆ ಒಂದು ಮಾತ್ರ ಬಾಲದಂತೆ ಕೊನೆಯವರೆಗೂ ಎಳೆದುಕೊಂಡು ಬಂತು. ಪದವಿಗೆ ಕೊಡಬೇಕಾದ ಪ್ರಬಂಧ ಬರೆದು ಮುಗಿದು ಪೆಟ್ಟಿಗೆಯ ತಳದಲ್ಲಿ ಬೆಚ್ಚಗೆ ಮಲಗಿದೆ. ನಮ್ಮ ಮನೆಯೊಡತಿ ಎರ್ಸಿಲಿಯಾ ಕೋಳಿಗೆ ಕಾಳು ಹಾಕುತ್ತಾ ನನ್ನನ್ನು ಹಂಗಿಸುತ್ತಾಳೆ, “ಏನೇ, ನಿನ್ ಗಂಡ ಮಾರ್ಕ್ಸ್ ತಗೊಳ್ಳೋಕೆ ಹೋಗ್ತಾನೋ, ಸಂತೇಲಿ ಬದನೆಕಾಯಿ ಆರಿಸೋಕೆ ಹೋಗ್ತಾನೋ? ಹುಳ ಇಲ್ಲದ್ದು ಸಿಗೋ ಹೊತ್ತಿಗೆ ಸಂತೆ ಎದ್ದುಹೋಗಿರುತ್ತೆ ನೋಡು!”

ಇದೆಲ್ಲ ಎಲ್ಲಿಂದ ಬಂತೆಂದು ನನಗೆ ಗೊತ್ತು, ನಿಮಗೂ ಗೊತ್ತು. ನನ್ನ ಮದುವೆಯ ವಾರ ಅಂಗಳದಲ್ಲಿ ಹುರುಳಿಕಾಯಿ ಸೋಸುತ್ತಾ ನೀವೇ ಹೇಳಿದ್ದಿರಿ. ನಿಮ್ಮ ಮಗ ಲಾಂಬ್ರೋಸ್ ಚಿಕ್ಕವನಿದ್ದಾಗ ಹತ್ತಕ್ಕೆ ಒಂಬತ್ತು ತೆಗೆದುಕೊಂಡು ಕುಣಿಯುತ್ತಾ ಬಂದನಂತೆ. ಮಾವನವರು ಕನ್ನಡಕದ ಮೇಲಿಂದ ನೋಡಿ, “ಉಳಿದದ್ದು ಎಲ್ಲಿ?” ಎಂದರಂತೆ. ಮಗು ಹೊರಗೆ ಹೋಯಿತು. ಕತ್ತಲಾಗುತ್ತಾ ಬಂದರೂ ಕಾಣದಿದ್ದಾಗ ನೀವು ಹುಡುಕಿಕೊಂಡು ಹೋದಿರಿ, ಅವನು ಶಾಲೆಯ ದಾರಿಯ ಚರಂಡಿಯಲ್ಲಿ ಬಗ್ಗಿ ಕೈಯಾಡಿಸುತ್ತಿದ್ದ. ಉಳಿದ ಒಂದನ್ನು ಹುಡುಕುತ್ತಿದ್ದೇನೆ ಎಂದ. ಇದನ್ನು ಹೇಳಿ ನೀವು ನಕ್ಕಿರಿ, ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಈಗ ಅದನ್ನು ನೆನೆದರೆ ನಗು ಬರುವುದಿಲ್ಲ. ತಲೆಯಲ್ಲಿ ನರೆ ಬಂದಿದೆ ಅತ್ತೆ ಅವನಿಗೆ, ಇನ್ನೂ ಅದನ್ನೇ ಹುಡುಕುತ್ತಿದ್ದಾನೆ.

ಈ ಸಲ ನಾನು ಮೊದಲೇ ಹೇಳಿಬಿಟ್ಟೆ. ಅಂಕೋನಾ ಬಂದರಿಗೆ ಹೋಗಿ, ಗ್ರೀಸಿಗೆ ಹೋಗುವ ಹಡಗಿಗೆ ಒಂದೇ ಒಂದು ಟಿಕೆಟ್ ತಂದು, ಕಾಫಿಪುಡಿಯ ಡಬ್ಬದ ಮೇಲೆ ಅವನಿಗೆ ಕಾಣುವಂತೆ ಇಟ್ಟೆ. “ಪಾಸಾದ್ರೆ ಇದನ್ನ ವಾಪಸ್ ಕೊಡ್ತೀನಿ. ಮತ್ತೆ ಬೇಡ ಅಂದ್ರೆ ನಾನೊಬ್ಳೇ ಹೋಗ್ತೀನಿ, ನೀನು ಮೂವತ್ತು ತಗೊಂಡು ಯಾವಾಗ ಬರ್ತೀಯೋ ಬಾ” ಎಂದೆ. ಅವನು ಟಿಕೆಟ್ ನೋಡಿದ, ನನ್ನನ್ನು ನೋಡಿದ, “ಸರಿ” ಎಂದ. ಜಗಳವಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಆಮೇಲೆ ಪ್ರತಿ ಭಾನುವಾರ ಇಬ್ಬರೂ ಬುತ್ತಿ ಕಟ್ಟಿಕೊಂಡು ಗುಡ್ಡದ ಹಿಂದಿನ ಹೊಲಗಳಿಗೆ ಹೋದೆವು, ಅವನು ಗಿಡ ಕಿತ್ತು ಹೆಸರು ಹೇಳುವುದು, ನಾನು ಪುಸ್ತಕ ಹಿಡಿದು ಕೇಳುವುದು. ಗೋಧಿ ಹೊಲಗಳ ಅಂಚಿನಲ್ಲಿ ಕೆಂಪು ಗಸಗಸೆ ಹೂವು ತುಂಬಿತ್ತು. ದಾರಿಯಲ್ಲಿ ಸಿಕ್ಕ ರೈತನೊಬ್ಬ ನಮಗೆ ವೈನ್ ಕೊಟ್ಟು, “ಭಾನುವಾರಾನೂ ಹುಲ್ಲು ಕೀಳ್ತೀರಲ್ಲ, ಮೊಲ ಸಾಕಿದೀರಾ?” ಎಂದ. ಬಹಳ ದಿನಗಳ ಮೇಲೆ ಲಾಂಬ್ರೋಸ್ ನಕ್ಕ. ಆ ನಗು ನೋಡಿ ಈ ಸಲ ಆಗಿಯೇ ಆಗುತ್ತದೆ ಎಂದು ನಂಬಿದೆ.

ಪರೀಕ್ಷೆ ಮೊನ್ನೆ ಸೋಮವಾರ ಇತ್ತು. ನೀನು ಬರಬೇಡ ಎಂದಿದ್ದ. ಇಸ್ತ್ರಿ ಪೆಟ್ಟಿಗೆ ಆರಿಸಿ, ಏಪ್ರನ್ ಮೇಲೆ ಕೋಟು ಹಾಕಿಕೊಂಡು ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಚೆನ್ನಾಗಿ ಹೇಳುತ್ತಿದ್ದ ಅತ್ತೆ, ನಿಮ್ಮಾಣೆ, ಕಷ್ಟದ್ದನ್ನೆಲ್ಲ ನೀರು ಕುಡಿದಂತೆ ಹೇಳಿದ. ಕೊನೆಗೆ ಪ್ರೊಫೆಸರು ಒಂದೇ ಥರ ಕಾಣುವ ಎರಡು ಬಿಳಿ ಹೂವು ಮುಂದಿಟ್ಟು, ಇದರಲ್ಲಿ ನಿಜವಾದ ಕ್ಯಾಮೊಮೈಲ್ ಯಾವುದು ಎಂದರು. ನೀವು ನಿದ್ದೆ ಬರಲೆಂದು ಕುದಿಸಿ ಕುಡಿಯುತ್ತೀರಲ್ಲ, ಅದೇ. ಹೂವನ್ನು ಸೀಳಿ ನೋಡಬೇಕು, ನಡುವೆ ಟೊಳ್ಳಿದ್ದರೆ ಅದು ನಿಜವಾದದ್ದು. ನಾವೇ ಭಾನುವಾರ ಎಷ್ಟೋ ಸೀಳಿದ್ದೆವು. ಅವಸರವೋ ಹೆದರಿಕೆಯೋ, ಇವನು ಸೀಳದೆಯೇ ಬೆರಳು ತೋರಿಸಿದ, ತಪ್ಪಾದದ್ದನ್ನು ತೋರಿಸಿದ. ಪ್ರೊಫೆಸರ್ ತಾರ್ಕ್ವೀನಿ ಬೇಸರದಿಂದ ತಲೆ ಅಲ್ಲಾಡಿಸಿ, “ಇಪ್ಪತ್ತಮೂರು. ಒಪ್ಪಿಗೇನಾ?” ಎಂದರು. ನಿಮ್ಮ ಮಗನ ಬೆನ್ನು ನನಗೆ ಕಾಣುತ್ತಿತ್ತು. ಆ ಬೆನ್ನು ನೆಟ್ಟಗಾದದ್ದು ನೋಡಿಯೇ ನನಗೆ ಗೊತ್ತಾಯಿತು, ಈಗ ಬೇಡ ಎನ್ನುತ್ತಾನೆ. ಕೈಗೆ ಬಂದ ತುತ್ತು ಬಾಯಿಗೆ ಬರುವುದಿಲ್ಲ.

ಹೇಗೆ ಎದ್ದೆನೋ ನನಗೇ ಗೊತ್ತಿಲ್ಲ. “ಒಪ್ಪಿಗೆ ಸಾರ್, ಬರ್ಕೊಳ್ಳಿ!” ಎಂದು ಕೂಗಿಬಿಟ್ಟೆ. ಇಡೀ ಕೋಣೆ ಹಿಂದೆ ತಿರುಗಿತು. “ನೀವ್ಯಾರಮ್ಮ?” ಎಂದರು ಪ್ರೊಫೆಸರು. “ಇವರ ಹೆಂಡತಿ.” “ಪರೀಕ್ಷೆ ಕೊಟ್ಟಿದ್ದು ಅವರಲ್ವಾ?” “ಅವರು ಕೊಟ್ಟಿದ್ದು ಇವತ್ತು ಸಾರ್, ನಾನು ಏಳು ವರ್ಷದಿಂದ ಕೊಡ್ತಾ ಇದೀನಿ” ಎಂದೆ. ಹುಡುಗರು ಘೊಳ್ಳೆಂದು ನಕ್ಕರು. ಒಬ್ಬನಂತೂ ಚಪ್ಪಾಳೆ ತಟ್ಟಿದ. ಪ್ರೊಫೆಸರು ನಗಲಿಲ್ಲ. ಪೆನ್ನಿನ ಮುಚ್ಚಳ ತೆಗೆದು ಹಿಡಿದುಕೊಂಡು, ಬಹಳ ಮೆತ್ತಗೆ, “ಅಮ್ಮ ಹೇಳಿದ್ದು ಕೇಳಿಸ್ತು. ಆದ್ರೆ ಇದನ್ನ ನೀವೇ ಹೇಳ್ಬೇಕಪ್ಪ” ಎಂದು ಲಾಂಬ್ರೋಸನನ್ನೇ ನೋಡಿದರು. ಅವನು ಮೇಜಿನ ಮೇಲಿನ ಹೂವು ನೋಡುತ್ತಾ ಕೂತ. ಅಷ್ಟು ಹೊತ್ತು ನಾನು ನಿಂತೇ ಇದ್ದೆ, ಕೋಟಿನ ಗುಂಡಿಯಲ್ಲಿ ಏಪ್ರನ್ ಸಿಕ್ಕಿಕೊಂಡಿತ್ತು. ಆಮೇಲೆ, ಹಿಂದೆ ತಿರುಗದೆಯೇ, “ಬರ್ಕೊಳ್ಳಿ” ಎಂದ. ಎದ್ದು, ನನ್ನ ಪಕ್ಕದಲ್ಲೇ ಹಾದು, ನನ್ನ ಮುಖ ನೋಡದೆ ಹೊರಗೆ ಹೋದ.

ಪಾಸಾಗಿದ್ದಾನೆ ಅತ್ತೆ. ಮುಂದಿನ ತಿಂಗಳು ಪ್ರಬಂಧ ಒಪ್ಪಿಸಿದರೆ ಪದವಿ ಕೈಗೆ. ಇದನ್ನು ಬರೆಯುವಾಗ ಕುಣಿಯಬೇಕಿತ್ತು, ಆದರೆ ಕುಣಿಯಲು ಕಾಲಿಲ್ಲ. ಅಂದಿನಿಂದ ಅವನು ನನ್ನೊಡನೆ ಒಂದು ಮಾತೂ ಆಡಿಲ್ಲ. ಬೆಳಿಗ್ಗೆ ಎದ್ದು ಹೊಲಗಳ ಕಡೆ ಹೋಗುತ್ತಾನೆ, ಸಂಜೆ ಬಂದು ಹಾಕಿದ್ದು ಉಂಡು ಗೋಡೆಯ ಕಡೆ ತಿರುಗಿ ಮಲಗುತ್ತಾನೆ. ನಾಲ್ಕು ಜನರ ಮುಂದೆ ಗಂಡನ ಮಾನ ಕಳೆದೆನೋ, ಅವನ ಜೀವ ಉಳಿಸಿದೆನೋ, ತಿಳಿಯುತ್ತಿಲ್ಲ. ಎರ್ಸಿಲಿಯಾ, “ಮಾತಾಡ್ದೇ ಇದ್ರೆ ಒಳ್ಳೇದೇ ಆಯ್ತಲ್ಲೇ, ನನ್ ಗಂಡ ಸಾಯೋ ತನಕ ಬಾಯಿ ಮುಚ್ಚಲಿಲ್ಲ” ಎಂದು ಒಂದು ಕೋಳಿಮೊಟ್ಟೆ ಹೆಚ್ಚಿಗೆ ಕೊಟ್ಟಳು. ಟಿಕೆಟ್ ಇನ್ನೂ ಡಬ್ಬದ ಮೇಲೆಯೇ ಇದೆ. ಹಡಗು ನಾಡಿದ್ದು ಹೊರಡುತ್ತದೆ. ಮಾತು ಕೊಟ್ಟಂತೆ ಅದನ್ನು ವಾಪಸು ಕೊಡಬೇಕು, ಆದರೆ ನನ್ನ ಮುಖ ನೋಡದವನ ಜೊತೆ ನಾನು ಯಾವ ಅಂಗಡಿಯ ಮೇಲೆ ಸಂಸಾರ ಹೂಡಲಿ? ನಿಮ್ಮ ಮಗನ ಮೇಲೆ ಚಾಡಿ ಹೇಳುತ್ತಿದ್ದೇನೆಂದು ತಿಳಿಯಬೇಡಿ. ಈ ಮಾತನ್ನು ಇನ್ನು ಯಾರಿಗೆ ಬರೆಯಲಿ, ನನಗಂತೂ ತಾಯಿ ಇಲ್ಲ.

ನಿಮ್ಮ ತಂಗಿಗೂ ನೆರೆಯವರಿಗೂ ನನ್ನ ನೆನಪು ತಿಳಿಸಿ. ಮಂಡಿಗೆ ರಾತ್ರಿ ಬಿಸಿ ಉಪ್ಪಿನ ಶಾಖ ಕೊಡಿ. ನನಗಾಗಿ ಒಂದು ಮೇಣದಬತ್ತಿ ಹಚ್ಚಿ. ಚರ್ಚಿಗೆ ಹೇಗೂ ಹೋಗಿಯೇ ಹೋಗುತ್ತೀರಿ.

ನಿಮ್ಮ ಸೊಸೆ, ಮಗಳೂ ಹೌದು,
ಎವಾಂಥಿಯಾ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಅವನು ಬಂದ. ಬೂಟಿನ ತುಂಬ ಮಣ್ಣು, ಕೈಯಲ್ಲಿ ಒಂದು ಹಿಡಿ ಬಿಳಿ ಹೂವು. ಈ ಕಾಗದದ ಪಕ್ಕದಲ್ಲೇ ಕೂತು ಒಂದನ್ನು ಉಗುರಿನಿಂದ ಸೀಳಿ ತೋರಿಸಿ, “ನೋಡು, ಟೊಳ್ಳು. ಇದೇ ಸರಿಯಾದ್ದು” ಎಂದ. ಆಮೇಲೆ ಟಿಕೆಟ್ ತೆಗೆದು ನನ್ನ ಕೈಯಲ್ಲಿಟ್ಟು, “ಇದನ್ನ ವಾಪಸ್ ಕೊಟ್ಟು ಜುಲೈ ಕೊನೇಗೆ ಎರಡು ತಗೊಂಡ್ ಬರ್ತೀಯಾ?” ಎಂದ. ನಾನು ಅತ್ತುಬಿಟ್ಟೆ. ಅವನು ಚಿಕ್ಕ ಮಗುವಿನಂತೆ, “ಬಂದರಲ್ಲಿ ಅಪ್ಪ ನಿಂತಿರ್ತಾರೆ. ಉಳಿದದ್ದು ಎಲ್ಲಿ ಅಂತಾರೆ. ಏನ್ ಹೇಳ್ಲಿ?” ಎಂದ. ಅದಕ್ಕೇ ಅತ್ತೆ, ಪತ್ರವನ್ನು ಒಲೆಗೆ ಹಾಕಬೇಡಿ. ಮೇಲಿನದೆಲ್ಲ ಹರಿದುಹಾಕಿ, ಈ ತುದಿಯನ್ನು ಮಾತ್ರ ಮಾವನವರ ಕೈಗೆ ಕೊಡಿ. ಕೆಂಪು ಪೆನ್ಸಿಲ್ಲಿನಿಂದ ಎಷ್ಟು ಬೇಕೋ ತಿದ್ದಿಕೊಳ್ಳಲಿ. ಬಂದರಿನಲ್ಲಿ ಮಗನನ್ನು ತಬ್ಬಿಕೊಳ್ಳಬೇಕು, ಆ ಪ್ರಶ್ನೆ ಮಾತ್ರ ಕೇಳಕೂಡದು. ಬಾಯಿ ತಡೆಯಲಾಗದಿದ್ದರೆ ನನ್ನನ್ನು ಕೇಳಲಿ, ನಾನೂ ಪಕ್ಕದಲ್ಲೇ ಇರುತ್ತೇನೆ. ಮಾವಾ, ಮೂವತ್ತಕ್ಕೆ ಇಪ್ಪತ್ತಮೂರು ನಿಮ್ಮ ಮಗ ತರುತ್ತಿದ್ದಾನೆ, ಉಳಿದ ಏಳು ನನ್ನ ಹತ್ತಿರ ಇವೆ.